ಬಾವು ಬಾರದ ಕೈ

ಇಲ್ಲಿಯ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಜೋಹರಾಳದು ಅವಳಿಗೆ ಕೊಟ್ಟ ಮಾತಿಗಾಗಿ, ನನ್ನದು ನೌಕರಿ ಉಳಿಯಲೆಂದು. ಇಳಕಲ್ಲಿನ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತೆಗೆಯುವವ ನಾನು. ಬಿಳಿ ಕೋಟು ನೋಡಿ ಓಣಿಯ ಮುದುಕಿಯರು ‘ಡಾಕ್ಟರ’ ಎಂದರೆ ತಿದ್ದುತ್ತಿರಲಿಲ್ಲ.

ಜೋಹರಾ ನಮ್ಮ ಓಣಿಯವಳೇ. ಗಂಡ ತೀರಿದ ಮೇಲೆ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತ ತಂಗಿ ಅಬೇದಾಳ ಮನೆಯಲ್ಲಿದ್ದಳು. ಒಂದೂವರೆ ತಿಂಗಳಿಂದ ಕೆಮ್ಮು, ಸಂಜೆಯಾದರೆ ಜ್ವರ. ಟಿಬಿ ಅಲ್ಲವೆಂದು ಗೊತ್ತಾಗುವವರೆಗೆ ತನ್ನ ಕೂಸನ್ನು ಎತ್ತಿಕೊಳ್ಳಬೇಡ ಎಂದು ಅಬೇದಾ ಹೇಳಿದ್ದಳು. ಅದಕ್ಕೇ ಜೋಹರಾ ನಮ್ಮ ಲ್ಯಾಬಿಗೆ ಬಂದಳು. ಮುಂಗೈ ಚರ್ಮದೊಳಗೆ ಮದ್ದು ಚುಚ್ಚಿ, ಮೂರನೆಯ ದಿನ ಬಾವು ಅಳೆಯುವ ಪರೀಕ್ಷೆ. ಬಾವು ಎದ್ದರೆ ಟಿಬಿಯ ಗುಮಾನಿ.

ಅವಳ ಕೈ ನುಣ್ಣಗಿತ್ತು.

“ಜೀರೋ ಅಕ್ಕಾ. ಹೋಗಿ ಕೂಸು ಆಡಸ್ರಿ.”

“ಡಾಕ್ಟರಿಗೆ ಒಮ್ಮೆ ತೋರಸ್ಲೇನು?”

“ನಾ ಹೇಳಿದ ಮ್ಯಾಲ ಡಾಕ್ಟರ್ ಯಾಕ ಬೇಕ್ರಿ?”

ಸಂಜೆ ಚಹಾದಂಗಡಿಯಲ್ಲಿ ಕುಳಿತು ಆ ಸುದ್ದಿಯನ್ನು ಓಣಿಗೆಲ್ಲ ಹಂಚಿದೆ.

ಐದು ವಾರಕ್ಕೆ ಅವಳನ್ನು ಬಾಗಲಕೋಟೆಯ ದವಾಖಾನೆಗೆ ಒಯ್ದರು. ನೋಡಲು ಹೋದಾಗ ಮಂಚದಲ್ಲಿ ಹೊದಿಕೆಯೇ ಹೆಚ್ಚು ಕಾಣುತ್ತಿತ್ತು. ಎರಡೂ ಪುಪ್ಪುಸಕ್ಕೆ ಟಿಬಿ. ಎಚ್‌ಐವಿ ಹಳೆಯದು. ಅದರ ಮಾತ್ರೆ ಕೊಡುವ ದವಾಖಾನೆಯ ಸಾಲಿನಲ್ಲಿ ನಮ್ಮೂರಿನವರೊಬ್ಬರು ಕಂಡರೆಂದು ಎಂಟು ತಿಂಗಳಿಂದ ಆ ಕಡೆ ಹೋಗುವುದನ್ನೇ ಬಿಟ್ಟಿದ್ದಳಂತೆ. ಅವಳೇ ಹೇಳಿದಳು.

“ಆದ್ರ ಕೈ ಬಾತಿರಲಿಲ್ಲಲ್ರಿ?” ಎಂದೆ, ಪಕ್ಕದಲ್ಲಿದ್ದ ಡಾಕ್ಟರ್ ರೋಹಿಣಿಯವರಿಗೆ.

ಅವರು ಜೋಹರಾಳ ಮುಖ ನೋಡಿದರು. “ಹೇಳ್ರಿ ಅವಗ,” ಎಂದಳು ಜೋಹರಾ.

“ಬಾವು ಟಿಬಿಯಿಂದ ಬರೂದಲ್ಲಪಾ. ಟಿಬಿ ಗುರುತು ಹಿಡಿಯೂ ಬಿಳಿ ರಕ್ತಕಣ ಚುಚ್ಚಿದಲ್ಲಿ ಬಂದು ಕೂಡಿದ್ರ ಬಾವು ಏಳತದ. ಅವನ್ನ ಎಚ್‌ಐವಿ ತಿಂದಿತ್ತು. ಬರಾಕ ಕಣಾನ ಇಲ್ಲಂದ್ರ ಏನು ಏಳತದ? ನಿನ್ನ ಜೀರೋಕ್ಕ ಏನೂ ಅರ್ಥ ಇರಲಿಲ್ಲ.”

ಅವರು ಹೋದ ಮೇಲೂ ನನ್ನ ಬಾಯಿ ಸುಮ್ಮನಿರಲಿಲ್ಲ. “ನನಗ ಮೊದಲ ಹೇಳಬೇಕಿತ್ತಲ್ರಿ ಅಕ್ಕಾ?”

“ನಿನಗ?” ಕೆಮ್ಮು ಮುಗಿಯುವವರೆಗೆ ಕಾಯಿಸಿದಳು. “ನಿನಗ ಹೇಳೂದಕ್ಕಿಂತ ಬಸ್‌ಸ್ಟ್ಯಾಂಡಿನ ಮೈಕಿನ್ಯಾಗ ಹೇಳಿದ್ರ ಆಗ್ತಿತ್ತಪಾ ಸಂತು.” ಆಮೇಲೆ ಕೇಳಿದಳು: “ಕೂಸಿಗೆ ಕೆಮ್ಮೇನರ ಐತೇನು? ದಿನಾ ತೊಡಿ ಮ್ಯಾಲ ಮಲಗಸ್ಕೊಂಡೀನಿ.”

ಇಲ್ಲ ಎಂದೆ. ಗೊತ್ತಿಲ್ಲದೆಯೇ ಹೇಳಿದ್ದು ಅದು ಎರಡನೆಯ ಸಲ.

ದವಾಖಾನೆ ಸೇರಿದ ಹನ್ನೆರಡನೆಯ ದಿನ ಜೋಹರಾ ತೀರಿಕೊಂಡಳು. ಕೂಸಿಗೆ ಟಿಬಿ ಬಾರದಿರಲೆಂದು ಆರು ತಿಂಗಳ ಮಾತ್ರೆ ಕೊಟ್ಟಿದ್ದಾರೆ. ಅಬೇದಾ ಅದನ್ನು ದಿನಾ ಬೆಳಿಗ್ಗೆ ಅರೆದು, ನೀರಲ್ಲಿ ಕಲಸಿ, ಮೂಗು ಹಿಡಿದು ಕುಡಿಸುತ್ತಾಳೆ. ನಾನು ಆ ದಾರಿಯಲ್ಲಿ ಬಂದರೆ ಬಾಗಿಲು ಮುಚ್ಚಿಕೊಳ್ಳುತ್ತಾಳೆ.