ಎರಡು ಸಲ ಬಿದ್ದ ಉಪ್ಪು

ನಿನ್ನೆ ಒಲೆಯ ಮೇಲೆ ಬಂಗುಡೆ ಸಾರು ಕುದಿಯುತ್ತಿತ್ತು. ಕಲ್ಲುಪ್ಪು ಹಿಡಿದ ನನ್ನ ಕೈ ಅರ್ಧಕ್ಕೇ ನಿಂತಿತು. ಆಗಲೇ ಹಾಕಿದ್ದೇನೋ, ಇಲ್ಲವೋ… ಹಿಂದೆ ಬೋಳಾರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿ ನೆನಪಾದರು.

ಅದು ಎಪ್ಪತ್ತೊಂದರ ಯುದ್ಧದ ಕಾಲ. ನಾನು ಮದುವೆಯಾಗಿ ಬಂದ ಹೊಸತು. ಅಜ್ಜಿಯ ಮನೆಯ ಗಂಡಸರು ಕಡಲಿಗೆ ಹೋಗುವವರು. ಎರಡೂ ಮನೆಗೆ ಬಾವಿ ಒಂದೇ. ನನ್ನ ಯಜಮಾನರು ತೊಟ್ಟಿಲಲ್ಲಿದ್ದಾಗಲೇ ಅವರ ತಾಯಿ ತೀರಿಕೊಂಡಿದ್ದರು. ಒಂದು ಫೋಟೋ ಕೂಡ ಇರಲಿಲ್ಲ. ಆಕೆಯನ್ನು ಚೆನ್ನಾಗಿ ಬಲ್ಲವರೆಂದು ಉಳಿದದ್ದು ಈ ಅಜ್ಜಿ ಮಾತ್ರ. ಸಂಜೆ ಬಾವಿಕಟ್ಟೆಯಲ್ಲಿ ಕುಳಿತು ಯಜಮಾನರಿಗೆ ಆಕೆಯ ಒಂದೊಂದೇ ಸಂಗತಿ ಹೇಳುವರು. ಎಲ್ಲವನ್ನೂ ಒಂದೇ ಸಲಕ್ಕೆ ಹೇಳುವ ಪೈಕಿಯಲ್ಲ, ಸತಾಯಿಸುವುದೆಂದರೆ ಅವರಿಗೆ ಬಲು ಖುಷಿ.

"ನಿನ್ನ ಅಮ್ಮ ನಗುವಾಗ ಎಂತ ಮಾಡ್ತಿದ್ದಳು ಗೊತ್ತುಂಟಾ? ನಾಳೆ ಹೇಳ್ತೇನೆ," ಎಂದು ಒಂದು ಸಂಜೆ ಎದ್ದು ಹೋದರು.

ಮರುದಿನ ಮಧ್ಯಾಹ್ನ ಅವರ ಮನೆಯ ಸಾರು ಬಾಯಿಗಿಡಲಾಗದಷ್ಟು ಉಪ್ಪು. ಹಸಿದು ಬಂದ ಮಗ ಬಟ್ಟಲು ನೂಕಿ, ಅಮ್ಮನಿಗೆ ಅರಳುಮರಳು ಶುರುವಾಯಿತು ಎಂದುಬಿಟ್ಟ. ಅಡುಗೆ ಅತ್ತೆ ಸೊಸೆ ಇಬ್ಬರದೂ, ಆದರೆ ಆ ದಿನ ಮರೆತು ಎರಡು ಸಲ ಉಪ್ಪು ಹಾಕಿದವಳು ಸೊಸೆ. ನನ್ನದೇ ಪ್ರಾಯದವಳು. ಅವಳು ಅಳುತ್ತಾ ಒಪ್ಪಿಕೊಂಡಳು. ಅಜ್ಜಿ ನಂಬಲಿಲ್ಲ, ಅತ್ತೆಯ ಮರ್ಯಾದೆ ಉಳಿಸಲು ಹೇಳುತ್ತಿದ್ದಾಳೆಂದೇ ತಿಳಿದರು.

"ಹಾಕಿದ್ದು ನನಗೆ ನೆನಪೇ ಇಲ್ಲ," ಎಂದರು. "ಅದಕ್ಕೇ ಅಲ್ವಾ ಅರಳುಮರಳು ಅಂತ ಹೇಳುವುದು?"

ಅದೇ ವಾರ ನಾನೂ ಹಾಲು ಒಲೆಯ ಮೇಲಿಟ್ಟು ಮರೆತು ಸೀಯಿಸಿದ್ದೆ. ಮದುಮಗಳ ಧ್ಯಾನ ಎಲ್ಲೋ ಉಂಟು ಎಂದು ಎಲ್ಲರೂ ನಕ್ಕರು, ಅಷ್ಟೆ. ಮರೆವಿಗೂ ಪ್ರಾಯ ನೋಡಿ ಹೆಸರಿಡುತ್ತಾರಲ್ಲ, ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಸಾರು ಕೆಟ್ಟ ಆ ಸಂಜೆ ಯಜಮಾನರು ಆಸೆಯಿಂದ ಬಾವಿಕಟ್ಟೆಗೆ ಹೋದರು. ಅಜ್ಜಿ ಬಾಯಿ ತೆರೆದವರು ಹಾಗೇ ನಿಲ್ಲಿಸಿದರು.

"ಬೇಡ ಮಗಾ. ನನ್ನ ತಲೆಯನ್ನು ಇನ್ನು ನಂಬಬೇಡ. ತಪ್ಪು ಹೇಳಿದರೆ ಸತ್ತವಳಿಗೆ ಅನ್ಯಾಯ."

ಇವರು ಎಷ್ಟೋ ಸಲ ಗೋಗರೆದರು. ಅಜ್ಜಿ ಆಮೇಲೂ ಕೆಲವು ವರ್ಷ ಬದುಕಿದ್ದರು, ಉಂಡಿದ್ದೇನಾ ಎಂದು ಸೊಸೆಯನ್ನು ಕೇಳಿ ಕೇಳಿ… ಆ ಮಾತು ಮಾತ್ರ ಎತ್ತಲಿಲ್ಲ.

"ಉಪ್ಪು ಆಗಲೇ ಹಾಕಿದ್ರಿ ಅಜ್ಜಿ, ನೆನಪಿಲ್ವಾ?" ಎಂದಳು ನಿನ್ನೆ ನನ್ನ ಮೊಮ್ಮಗಳು. ಹೌದೋ ಅಲ್ಲವೋ, ರುಚಿ ನೋಡುವ ಧೈರ್ಯವೂ ಬರಲಿಲ್ಲ. ಉಪ್ಪನ್ನು ಭರಣಿಗೆ ಸುರಿದೆ.

ಯಜಮಾನರು ಹೋಗಿಯೂ ಬಹಳ ವರ್ಷವಾಯಿತು. ಕೊನೆಗೆ ಹಾಸಿಗೆ ಹಿಡಿದು ಮಲಗಿದಲ್ಲೇ ಒಂದು ದಿನ, ಅಮ್ಮ ನಗುವಾಗ ಎಂತ ಮಾಡ್ತಿದ್ದಳೋ ಎಂದು ನನ್ನ ಮುಖ ನೋಡಿದ್ದರು. ಅದನ್ನು ಬಲ್ಲವರು ಈಗ ಯಾರೂ ಇಲ್ಲ.