ಹೋಗಿದ್ದು ಯಾವ ಟ್ರಾನ್ಸಿಸ್ಟರ್?

ಮೊನ್ನೆ ನಿಪ್ಪಾಣಿಯಲ್ಲಿ ಮಿಕ್ಸರ್ ರಿಪೇರಿಗೆ ಕೊಟ್ಟು ಕುಂತಿದ್ದೆ. ಬೆಸುಗೆ ಹಾಕುವಾಗ ರಾಳ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ರೇಡಿಯೋ ಮಾಸ್ತರರು ನೆನಪಾದರು. ಶಾಲೆ ಮಾಸ್ತರರಲ್ಲ, ರೇಡಿಯೋ ರಿಪೇರಿಯವರು. ಊರೆಲ್ಲ ಹಾಗೇ ಕರೆಯುತ್ತಿತ್ತು.

ಎಂಬತ್ತರ ದಶಕದ ಕೊನೆ ಇರಬೇಕು... ನಾನು ಬೀಡಿ ಕಟ್ಟುತ್ತಿದ್ದೆ. ತಂಬಾಕಿನ ಧೂಳಿಗೆ ಕೆಮ್ಮು ಹತ್ತಿತ್ತು. ಬೀಡಿ ಬಿಡದಿದ್ದರೆ ಎದೆ ಉಳಿಯುವುದಿಲ್ಲ ಅಂದಿದ್ದರು ಡಾಕ್ಟರು. ಬಿಟ್ಟು ಏನು ಮಾಡಲಿ? ಓದಿದ್ದು ಮೂರನೇ ಇಯತ್ತೆ.

ಅಷ್ಟರಲ್ಲಿ ಮನೆಯ ರೇಡಿಯೋ ಕೆಟ್ಟಿತು. ಆಗ ನಾವು ರೇಡಿಯೋಕ್ಕೇ ಟ್ರಾನ್ಸಿಸ್ಟರ್ ಅನ್ನುತ್ತಿದ್ದೆವು. ಮಾಸ್ತರರು ಬಿಚ್ಚಿ ನೋಡಿ, "ಅಕ್ಕಾರ, ಟ್ರಾನ್ಸಿಸ್ಟರ್ ಹೋಗಿರಬೇಕ್ರಿ" ಅಂದರು.

"ಎಲ್ಲಿ ಹೋಗತೈತ್ರಿ? ಕಣ್ಣ ಮುಂದ ಕುಂತೈತಲ್ಲ."

ಅವರು ನಕ್ಕರು. ನಕ್ಕು ಕಳಿಸಿಬಿಡಲಿಲ್ಲ, ಸ್ಟೂಲು ಕೊಟ್ಟು ಕೂರಿಸಿದರು. ಜೋಳದ ಕಾಳಿನಷ್ಟು ಕರಿ ತುಣುಕು, ಮೂರು ಕಾಲು. ಅದರ ಹೆಸರೂ ಟ್ರಾನ್ಸಿಸ್ಟರಂತೆ.

"ಕಬ್ಬಿಗೆ ನೀರ ಹಾಯಿಸೀರಿಲ್ಲೊ?"

ಹಾಯಿಸಿದ್ದೆ, ತವರು ಉಗಾರ ಬುದ್ರುಕದಲ್ಲಿ. ಹಳೇ ಪೇಪರಿನ ಮೇಲೆ ಗೆರೆ ಎಳೆದು ಕರೆಂಟು ಹರಿಯುವ ಕಾಲುವೆ ತೋರಿಸಿದರು. ಕವಲಿಗೆ ಎಷ್ಟು ಬಂತೋ ಅಷ್ಟೇ ಮುಂದೆ ಹೋಗಬೇಕು. ಆ ಮೂರು ಕಾಲಿನದು ತೂಬು. ಸಣ್ಣ ಕಾಲುವೆಯಲ್ಲಿ ಒಂದಿಷ್ಟು ಹರಿದರೆ ದೊಡ್ಡದರ ಬಾಯಿ ತೆರೆಯುತ್ತದೆ.

ಹೊಸ ತುಣುಕು ಹಾಕಿದರು. ರೇಡಿಯೋ ಮೂಕ. ಇನ್ನೊಂದಕ್ಕೆ ಕೈ ಹಾಕಿದರು.

"ತೂಬು ಎಷ್ಟ ಸಲ ಬದಲಿ ಮಾಡ್ತೀರಿ? ಸಣ್ಣ ಕಾಲುವಿಗೆ ಮ್ಯಾಲಿಂದ ನೀರು ಬರತೈತೇನ ನೋಡ್ರಿ ಮೊದಲ" ಅಂದೆ.

ಮೀಟರು ಹಚ್ಚಿ ಮೇಲಕ್ಕೆ ಹುಡುಕುತ್ತ ಹೋದರು. ರೆಸಿಸ್ಟರ್ ಅನ್ನುವ ಒಂದು ಸಣ್ಣ ತುಣುಕಿನ ಆಚೆ ಮುಳ್ಳು ಏಳುತ್ತಿತ್ತು, ಈಚೆ ಇಲ್ಲ. ಅದು ಒಳಗೇ ತುಂಡಾಗಿತ್ತು. ಬದಲಿಸಿದರು. ಮರಾಠಿ ಸುದ್ದಿ ಕೇಳಿಸಿತು.

"ಅಕ್ಕಾರ, ಬೀಡಿ ಬಿಟ್ಟು ಇಲ್ಲಿ ಕೆಲಸಕ್ಕ ಬರ್ತೀರೇನು?"

"ನನಗ ಇಂಗ್ಲಿಷ್ ಬರಂಗಿಲ್ರಿ."

"ಕರೆಂಟಿಗೂ ಬರಂಗಿಲ್ಲ."

ಹನ್ನೊಂದು ವರ್ಷ ಅಲ್ಲಿ ಕುಂತೆ. "ಹೆಂಗಸು ಮುಟ್ಟಿದ ರೇಡಿಯೋ ಬರೇ ಜಗಳ ಆಡತೈತಿ ಮಾಸ್ತರ್ರ" ಎಂದು ಒಬ್ಬ ಕುಟುಕಿದಾಗ, "ನಿಮ್ಮನಿ ಜಗಳಕ್ಕ ರೇಡಿಯೋ ಯಾಕ್ರಿ?" ಅಂದಿದ್ದರು. ಆಮೇಲೆ ಅವನೇ ನನ್ನನ್ನು ಕೇಳಿಕೊಂಡು ಬರುತ್ತಿದ್ದ.

ಅವರು ತೀರಿಕೊಂಡ ದಿನ ನಾನು ಅಳಲಿಲ್ಲ. ಮೇಜಿನ ಮೇಲೆ ಅವರು ಅರ್ಧ ಬಿಚ್ಚಿಟ್ಟ ನಾಲ್ಕು ರೇಡಿಯೋ ಇದ್ದವು, ಮುಗಿಸಿ ಅವರವರಿಗೆ ಮುಟ್ಟಿಸಿದೆ. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ನನ್ನ ಜೊತೆ ಬೀಡಿ ಕಟ್ಟಿದವರಲ್ಲಿ ಬಹಳ ಜನ ಕೆಮ್ಮಿ ಕೆಮ್ಮಿ ಹೋದರು... ನನಗೆ ಎಪ್ಪತ್ತಾಯಿತು, ಮೆಟ್ಟಿಲು ಹತ್ತಿದರೂ ಉಸಿರು ಕಟ್ಟುವುದಿಲ್ಲ. ಬೀಡಿ ಬಿಡಿಸಿ ನನ್ನ ಎದೆ ಉಳಿಸಿದಿರಿ ಅಂತ ಮಾಸ್ತರರಿಗೆ ಒಮ್ಮೆ ಹೇಳಬೇಕಿತ್ತು. ದಿನಾ ಎದುರಿಗೇ ಕುಂತಿದ್ದರು, ಹೇಳಲಿಲ್ಲ.