ಮಗಳ ಹಿಂದೆ ನಡೆಯುವ ಮುನ್ನೀ

ಬೆಳಕು ಇನ್ನೂ ಹರಿದಿಲ್ಲ. ರಾಮನಗರದ ಗಲ್ಲಿಯೊಂದರ ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ಆಗಲೇ ಹಬೆ ಎದ್ದಿದೆ. ಬೇಸಿನ್ನಿನ ಬಿಸಿನೀರಲ್ಲಿ ಗೂಡುಗಳು ಹೊರಳುತ್ತಿವೆ. ಮುನ್ನೀ ತಲೆ ಒಂದು ಬದಿಗೆ ವಾಲಿಸಿ ಬೆರಳಲ್ಲೇ ಎಳೆ ಹುಡುಕುತ್ತಾರೆ. ಹಾಗೆ ವಾಲಿಸಿದರೇನೇ ಅವರ ಕಣ್ಣುಗುಡ್ಡೆಗಳ ಅದುರಾಟ ಒಂದಿಷ್ಟು ನಿಲ್ಲುವುದು. ಇವತ್ತು ಮಾತ್ರ ಎಳೆ ಮತ್ತೆ ಮತ್ತೆ ಕಡಿಯುತ್ತಿದೆ. ಅವರ ಬಗ್ಗೆ ಬರೆಯಲೆಂದು ಬಂದ ನಾನು ಪಕ್ಕದಲ್ಲಿ ಕೂತಿದ್ದೇನೆ.

"ಏನಮ್ಮಾ, ಹುಷಾರಿಲ್ವಾ?" ಶೆಡ್ಡಿನ ಮಾಲೀಕ ನಜೀರ್ ಕೇಳುತ್ತಾರೆ.

"ಇಸ್ಕೂಲಿಂದ ಹೇಳಿ ಕಳ್ಸವ್ರೆ ಭಾಯ್. ಅದ್ಯಾವ್ದೋ ಫಾರಂಗೆ ಸಹಿ ಹಾಕಕ್ಕೆ ಇವತ್ತು ತಾಯೀನೇ ಬರ್ಬೇಕಂತೆ."

ಮಗಳ ಶಾಲೆಗೆ ಹೋಗಲು ಯಾರಾದರೂ ಹೆದರುತ್ತಾರೆಯೇ? ಮುನ್ನೀ ಹೆದರುತ್ತಾರೆ, ಕಾರಣವಿದೆ.

ಅವರದು ಹಳಿಯಾಳ ಕಡೆಯ ಸಿದ್ದಿ ಕುಟುಂಬ. ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶ. ಒಡಹುಟ್ಟಿದವರೆಲ್ಲ ಕಪ್ಪು, ಗುಂಗುರು ಕೂದಲು. ಮುನ್ನೀ ಮಾತ್ರ ಹಾಲುಬಿಳುಪು, ಕೂದಲು ಮುಸುಕಿನ ಜೋಳದ ಎಳೆಯ ಬಣ್ಣ. ಮೈಗೆ ಬಣ್ಣ ಕೊಡುವ ಅಂಶವೇ ಇಲ್ಲದ ಹುಟ್ಟು ಇದು, ಡಾಕ್ಟರು ಆಲ್ಬಿನಿಸಂ ಅನ್ನುತ್ತಾರೆ. ಕಣ್ಣು ಅದುರುವುದೂ ಅದರಿಂದಲೇ. ಊರವರು ತೊನ್ನು ಅಂದರು, ಶಾಪ ಅಂದರು. ಬಾಯಿಗೆ ಬಂದದ್ದು ಹೇಳಲು ಯಾರಪ್ಪನ ಅಪ್ಪಣೆ ಬೇಕು? ಮದುವೆಯಾದ ಮೇಲೆ ಮುನ್ನೀ ರಾಮನಗರಕ್ಕೆ ಬಂದರು. ಗಂಡನೂ ಸಿದ್ದಿ, ಲಾರಿ ಹತ್ತಿದರೆ ವಾರಗಟ್ಟಲೆ ಮನೆಗಿಲ್ಲ. ಮಗಳು ಮಹೀನ್ ಅಪ್ಪನದೇ ಅಚ್ಚು.

ಹೋದ ವರ್ಷ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಮೊಬೈಲುಗಳಲ್ಲಿ ಹರಿದಾಡುತ್ತಿತ್ತು. ತಾಯಿ ಮಗಳು ಮಾಗಡಿ ಬಸ್ಸಿಗೆ ಕಾದು ನಿಂತಿದ್ದರು. ಬಿಸಿಲು ತಾಗಿದರೆ ಮುನ್ನೀಯ ಚರ್ಮದಲ್ಲಿ ಬೊಬ್ಬೆ ಏಳುತ್ತವೆ. ಅದಕ್ಕೇ ತಲೆಗೆ ದುಪಟ್ಟಾ, ಕಪ್ಪು ಕನ್ನಡಕ, ಕೈಗೆ ಗ್ಲೌಸು. ಪಕ್ಕದಲ್ಲಿ ಕಪ್ಪು ಮಗು. ಜನ ಸೇರಲು ಇನ್ನೇನು ಬೇಕು?

"ಕನ್ನಡಕ ಕಿತ್ಕೊಂಡ್ರು. ಬಿಸ್ಲಿಗೆ ಕಣ್ ಬಿಡಕ್ಕಾಗ್ದೆ ಒದ್ದಾಡ್ತಿದ್ರೆ, ನೋಡ್ರಲಾ, ಕಣ್ ಹೆಂಗಾಡುಸ್ತಾಳೆ ಕಳ್ಳಿ ಅಂದ್ರು. ಒಬ್ಬ ಜುಟ್ಟು ಹಿಡ್ಕಂಡ. ಮಗೀಗೆ ಭಯಕ್ಕೆ ಬಾಯೇ ಬರ್ಲಿಲ್ಲ." ಮುನ್ನೀ ನೆನೆಯುತ್ತಾರೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅಲ್ಲಿ ನೆನಪಾದದ್ದು ಒಬ್ಬರಿಗೇ, ಸೊಪ್ಪು ಮಾರುವ ದೊಡ್ಡಲಕ್ಷ್ಮಮ್ಮನಿಗೆ. ಒಂದು ಕಾಲಕ್ಕೆ ತಾವೂ ನೂಲು ತೆಗೆದವರು. ಜನರನ್ನು ನೂಕಿಕೊಂಡು ಬಂದು ಮುನ್ನೀಯ ಕೈಯ ಗ್ಲೌಸು ಎಳೆದರು. ಬೆರಳ ತುದಿ ಬೆಂದು ಸುಕ್ಕಾಗಿತ್ತು, ಎಳೆ ಕೊಯ್ದ ಗೀರುಗಳಿದ್ದವು. "ಥೂ, ನಿಮ್ಮ! ಇದು ಬೇಸಿನ್ ಕೈ ಕಣ್ರಲಾ. ದುಡಿಯೋ ಹೆಣ್ಣು, ಬುಡ್ರೋ!"

ಬಿಟ್ಟರು.

"ನನ್ ಕೈ ನಂಬುದ್ರು," ಎನ್ನುತ್ತಾರೆ ಮುನ್ನೀ. "ನಾನು ಇವ್ಳ ತಾಯಿ ಅಂತ ಬಡ್ಕೊಂಡೆ. ಅದ್ನ ಯಾರೂ ನಂಬ್ಲಿಲ್ಲ."

ಅವತ್ತೇ ಮಗಳಿಗೆ ಕಟ್ಟಪ್ಪಣೆಯಾಯಿತು: ಬೀದಿಯಲ್ಲಿ ನನ್ನ ಕೈ ಹಿಡಿಯಬೇಡ, ಅಮ್ಮೀ ಅನ್ನಬೇಡ, ಮುಂದೆ ನಡಿ.

ಶೆಡ್ಡಿನ ಕೆಲಸ ಮುಗಿದಿದೆ, ಬಿಸಿಲು ಏರಿದೆ. ಮಹೀನ್ ಬ್ಯಾಗು ಹೊತ್ತು ಮುಂದೆ, ಮುನ್ನೀ ಬಹಳ ಹಿಂದೆ, ನಾನು ಅವರ ಪಕ್ಕ. ಶಾಲೆಯ ಗೇಟಿನ ಹತ್ತಿರ ಹೊಸ ವಾಚ್‌ಮನ್ ಎದ್ದು ನಿಲ್ಲುತ್ತಾನೆ.

"ಏಯ್ ಪಾಪು, ಯಾರಮ್ಮ ಅದು? ಆಗ್ಲಿಂದ ನಿನ್ ಹಿಂದೇನೇ ಬತ್ತಾ ಅವ್ಳೆ!"

ಟೀ ಅಂಗಡಿಯಲ್ಲಿದ್ದ ಇಬ್ಬರು ಲೋಟ ಕೆಳಗಿಡುತ್ತಾರೆ. ಮುನ್ನೀ ನಿಂತಲ್ಲೇ ನಿಂತು ಬಲಗೈಯ ಗ್ಲೌಸು ಬಿಚ್ಚತೊಡಗುತ್ತಾರೆ. ಕೈ ತೋರಿಸಲು.

ಮಹೀನ್ ತಿರುಗಿ ನೋಡುತ್ತಾಳೆ. ಬೆನ್ನ ಮೇಲೆ ಬ್ಯಾಗು ಕುಣಿಯುವಂತೆ ಓಡಿ ಬರುತ್ತಾಳೆ.

"ಅಮ್ಮೀ! ಗ್ಲೌಸ್ ಯಾಕ್ ಬಿಚ್ತೀಯಾ? ಬಿಸ್ಲು ಐತೆ, ಬೊಬ್ಬೆ ಬತ್ತವೆ! ಹಾಕ್ಕೊ ಅಮ್ಮೀ!"

ಗದರಿಸುತ್ತಲೇ ಗ್ಲೌಸು ತೊಡಿಸಿ, ಆ ಕೈ ಹಿಡಿದು ಎಳೆದುಕೊಂಡು ಗೇಟು ದಾಟುತ್ತಾಳೆ. ವಾಚ್‌ಮನ್ ಪಕ್ಕಕ್ಕೆ ಸರಿಯುತ್ತಾನೆ. ಟೀ ಅಂಗಡಿಯವರು ಮತ್ತೆ ಲೋಟ ಎತ್ತಿಕೊಳ್ಳುತ್ತಾರೆ.

ಸಹಿ ಹಾಕಿ ವಾಪಸು ಬರುವಾಗ, ನಿಮಗೇನು ಆಸೆ ಎಂದು ಕೇಳುತ್ತೇನೆ. ಮುನ್ನೀ ಕನ್ನಡಕದ ಕೆಳಗೆ ದುಪಟ್ಟಾದ ತುದಿ ಒತ್ತಿಕೊಳ್ಳುತ್ತಾರೆ.

"ಅವ್ಳು ದಿನಾ ಹಿಂಗೇ ಬೈಲಿ ಸಾರ್. ಬೀದೀಲೇ ಬೈಲಿ."